ಹನ್ನೊಂದಕ್ಕೆ ಬಂದಾಗ ನಿಧಾನವಾಗುವ ಕೈ

ಸಿಪಿಆರ್ ತರಗತಿಯಲ್ಲಿ, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವುದನ್ನು ಗೊಂಬೆಯ ಮೇಲೆ ಕಲಿಸುವಲ್ಲಿ, ಹತ್ತರವರೆಗೆ ಎಲ್ಲರ ಕೈಯೂ ಸರಿಯಾಗಿಯೇ ಓಡುತ್ತದೆ. ಒಂದು, ಎರಡು, ಮೂರು, ನಾಲ್ಕು ಅನ್ನುತ್ತಾ ಒತ್ತುತ್ತಾರೆ, ಗೊಂಬೆಯ ಎದೆಯೊಳಗಿನ ಸ್ಪ್ರಿಂಗು ಟಕ್ ಟಕ್ ಎಂದು ಜೊತೆ ಕೊಡುತ್ತಿರುತ್ತದೆ. ಹನ್ನೊಂದು ಬಂತೋ, ಲಯ ಕುಂಟುತ್ತದೆ. ಇಪ್ಪತ್ತೊಂದು, ಇಪ್ಪತ್ತೆರಡು ಹೇಳುವ ಹೊತ್ತಿಗೆ ಆಳು ಇನ್ನೂ ಗಟ್ಟಿಯಾಗಿದ್ದಾನೆ, ಕೈ ಮಾತ್ರ ಎತ್ತಿನಗಾಡಿಯ ವೇಗಕ್ಕೆ ಬಂದಿರುತ್ತದೆ.

ಇದು ಯಾಕೆ ಅಂತ ನನಗೆ ತಿಳಿಯೋದಕ್ಕೆ ಎರಡು ವರ್ಷ ಬೇಕಾಯಿತು. ಸೋಲುತ್ತಿದ್ದದ್ದು ಕೈಯಲ್ಲ, ನಾಲಿಗೆ. ಕನ್ನಡದಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ ನೋಡಿ: ಎರಡು, ಒಂಬತ್ತು ಬಿಟ್ಟರೆ ಎಲ್ಲವೂ ಎರಡೇ ಅಕ್ಷರ. ಹನ್ನೊಂದರಿಂದ ಮೂರು, ನಾಲ್ಕಕ್ಕೇರುತ್ತದೆ, ಇಪ್ಪತ್ತು ದಾಟಿದರೆ ನಾಲ್ಕು, ಐದು. 'ಇಪ್ಪತ್ತೊಂಬತ್ತು' ಎಂದು ಬಾಯಿತುಂಬ ಹೇಳಿ ಮುಗಿಸುವಷ್ಟರಲ್ಲಿ ಎದೆಯನ್ನು ಎರಡು ಸಲ ಒತ್ತಬಹುದು. ಬೇರೆ ಭಾಷೆಯಲ್ಲಿ ತಯಾರಾದ ಪಾಠವನ್ನು ಹಾಗೆಯೇ ತಂದು 'ಮೂವತ್ತರವರೆಗೆ ಎಣಿಸಿ' ಎಂದು ಹೇಳಿಕೊಡುತ್ತಿದ್ದೆವು. ಆಮೇಲೆ ಬದಲಾಯಿಸಿದೆ. ಈಗ ನಮ್ಮ ತರಗತಿಯಲ್ಲಿ ಹತ್ತಾದ ಮೇಲೆ ಮತ್ತೆ ಒಂದು.

ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ತರಬೇತಿ ಪಡೆದು, ರಜೆ ಇದ್ದ ಭಾನುವಾರಗಳಲ್ಲಿ ಎರಡು ಗೊಂಬೆಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೊರಡುತ್ತೇನೆ. ಬಸ್ ಡಿಪೋ, ಸ್ತ್ರೀಶಕ್ತಿ ಸಂಘ, ಅಪಾರ್ಟ್‌ಮೆಂಟಿನ ಹಾಲ್, ಒಮ್ಮೆ ಕಲ್ಯಾಣ ಮಂಟಪದ ಊಟದ ಮನೆ. ಸೊಂಟದ ಕೆಳಗಿಲ್ಲದ ಮನುಷ್ಯರನ್ನು ಹಗ್ಗದಲ್ಲಿ ಬಿಗಿದುಕೊಂಡು ಹೋಗುವವನನ್ನು ಟೋಲ್ ಹತ್ತಿರ ಪೊಲೀಸರು ನಿಲ್ಲಿಸಿದ್ದೂ ಉಂಟು. ಅಲ್ಲೇ ರಸ್ತೆ ಬದಿಯಲ್ಲಿ ಅವರಿಬ್ಬರಿಗೂ ಹೇಳಿಕೊಟ್ಟು ಮುಂದೆ ಹೋದೆ.

ಸಿಪಿಆರ್ ಎಂಬ ಪಾಠ ಬಹಳ ಚಿಕ್ಕದು. ಬರೆದರೆ ಅಂಗೈಯಷ್ಟು ಕಾಗದ ಸಾಕು. ಹೇಳಿಕೊಡುವುದೇ ಕಷ್ಟ. ಯಾಕೆಂದರೆ ಇದು ತಲೆಗೆ ಹತ್ತಿದರೆ ಸಾಲದು, ಕೈಗೆ ಹತ್ತಬೇಕು, ಅದೂ ಎದುರಿಗೆ ಬಿದ್ದಿರುವುದು ನಮ್ಮ ಅಪ್ಪನೋ ಪಕ್ಕದ ಮನೆಯ ಆಂಟಿಯೋ ಆಗಿರುವಾಗ ಕೈಗೆ ಬರಬೇಕು.

ಮೊದಲ ತೊಡಕು ಶುರುವಾಗುವುದು ಪದದಿಂದಲೇ. ನಮ್ಮ ಪತ್ರಿಕೆಗಳಲ್ಲಿ ಹಠಾತ್ತಾಗಿ ಯಾರು ತೀರಿಕೊಂಡರೂ 'ಹೃದಯಾಘಾತ'. ಆದರೆ ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ರೈತರಿರುವ ಕಡೆ ಇದನ್ನು ಹೇಳಲು ನನಗೆ ಅರ್ಧ ನಿಮಿಷ ಸಾಕು: ಪೈಪು ಕಟ್ಟಿಕೊಳ್ಳುವುದು ಒಂದು, ಮೋಟಾರು ನಿಲ್ಲುವುದು ಇನ್ನೊಂದು. ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಎದೆ ಹಿಂಡಿದಂತಾಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಎಡಗೈಯೋ ದವಡೆಯೋ ನೋಯುತ್ತದೆ. ಮನುಷ್ಯ ಎಚ್ಚರವಾಗಿರುತ್ತಾನೆ, ಮಾತಾಡುತ್ತಾನೆ, 'ಗ್ಯಾಸ್ಟ್ರಿಕ್ ಇರಬೇಕು ಬಿಡು' ಅನ್ನುತ್ತಾನೆ. ಅಂಥವರ ಎದೆ ಒತ್ತಬಾರದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹೃದಯಸ್ತಂಭನದಲ್ಲಿ ಪಂಪೇ ಕೆಲಸ ನಿಲ್ಲಿಸುತ್ತದೆ. ಎಷ್ಟೋ ಸಲ ಹೃದಯ ತಟಸ್ಥವಾಗಿ ನಿಂತಿರುವುದೂ ಇಲ್ಲ. ಅದರ ವಿದ್ಯುತ್ ವ್ಯವಸ್ಥೆ ಕೆಟ್ಟು, ತ್ರೀ ಫೇಸ್ ಮೋಟಾರಿಗೆ ಒಂದು ಫೇಸ್ ಹೋದಾಗ ಗುಂಯ್ ಅನ್ನುತ್ತಾ ತಿರುಗದೆ ಕೂರುತ್ತದಲ್ಲ, ಹಾಗೆ ಸುಮ್ಮನೆ ಅದುರುತ್ತಿರುತ್ತದೆ. ನೀರು ಮೇಲೇರುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ, ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಶುರು.

ಹೃದಯಾಘಾತವೇ ಸ್ತಂಭನಕ್ಕೆ ತಿರುಗುವುದು ಸಾಮಾನ್ಯ, ಹಾಗಾಗಿ ಗೊಂದಲ ಸಹಜ. ಆದರೆ ಈ ಗೊಂದಲದಿಂದಲೇ 'ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ' ಎಂಬ ವಾಟ್ಸ್ಯಾಪ್ ಸಂದೇಶ ಇಷ್ಟು ವರ್ಷವಾದರೂ ಸಾಯದೆ ಓಡಾಡುತ್ತಿದೆ. ಕೆಮ್ಮುವಷ್ಟು ಎಚ್ಚರವಿರುವವರು ಮಾಡಬೇಕಾದ್ದು 108ಕ್ಕೆ ಫೋನ್.

ಇನ್ನು ಎದೆ ಒತ್ತಿದರೆ ಏನಾಗುತ್ತದೆ? ಊರ ಮುಂದಿನ ಬೋರಿಂಗು, ಅಂದರೆ ಕೈಪಂಪು, ಹೊಡೆದವರಿಗೆ ಇದು ಆಗಲೇ ಗೊತ್ತಿದೆ. ಮೊದಲ ನಾಲ್ಕೈದು ಹೊಡೆತಕ್ಕೆ ನೀರು ಬರುವುದಿಲ್ಲ, ಹಿಡಿ ಮಾತ್ರ ಆಡುತ್ತದೆ. ಆಮೇಲೆ ಬರಲು ಶುರುವಾಗಿ, ಹೊಡೆಯುತ್ತಿರುವಷ್ಟು ಹೊತ್ತೂ ಬರುತ್ತದೆ. ನಡುವೆ ಬೆವರೊರೆಸಿಕೊಳ್ಳಲು ನಿಂತರೆ ನೀರು ಕೆಳಗಿಳಿದು, ಮತ್ತೆ ಮೊದಲಿನಿಂದ ಹೊಡೆಯಬೇಕು. ಹಿಡಿಯನ್ನು ಅರ್ಧರ್ಧ ಆಡಿಸಿದರೆ ಕೈ ನೋವಷ್ಟೇ, ಕೊಡ ತುಂಬದು. ಎದೆಯದೂ ಇದೇ ಲೆಕ್ಕ. ಒತ್ತಿದಾಗ ರಕ್ತ ಮೆದುಳಿನ ಕಡೆ ಹೋಗುತ್ತದೆ. ಪೂರ್ತಿ ಬಿಟ್ಟಾಗ ಹೃದಯ ಮತ್ತೆ ತುಂಬಿಕೊಳ್ಳುತ್ತದೆ, ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ಇಳಿಯುವುದೂ ಆಗಲೇ. ಒತ್ತಡ ಒಂದೊಂದೇ ಹೊಡೆತಕ್ಕೆ ಮೇಲೇರಿ, ಕೈ ನಿಂತ ಕ್ಷಣ ಜಾರುತ್ತದೆ. ಎಷ್ಟು ಚೆನ್ನಾಗಿ ಒತ್ತಿದರೂ ಸಹಜ ಹೃದಯ ಹರಿಸುವ ರಕ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟೇ ಹರಿಯುತ್ತದೆ. ಆ ಕಾಲು ಭಾಗಕ್ಕಾಗಿಯೇ ಇಷ್ಟೆಲ್ಲ ಪಾಡು. ಅದೂ ಇಲ್ಲವಾದರೆ, ಬದುಕುವ ಅವಕಾಶ ನಿಮಿಷಕ್ಕೆ ನೂರರಲ್ಲಿ ಏಳರಿಂದ ಹತ್ತರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ.

'ಆಳವಾಗಿ ಒತ್ತಿ' ಅನ್ನುವುದಕ್ಕಿಂತ 'ಪೂರ್ತಿ ಬಿಡಿ' ಅನ್ನುವುದನ್ನು ಹೇಳಿಕೊಡುವುದು ಕಷ್ಟ. ದಣಿದಂತೆಲ್ಲ ಜನ ಎದೆಯ ಮೇಲೆ ಒರಗಿಬಿಡುತ್ತಾರೆ. ಬೋರಿಂಗಿನ ಕತೆ ಹೇಳಲು ಶುರುಮಾಡಿದ ಮೇಲೆ ಒರಗುವುದು ಕಡಿಮೆಯಾಯಿತು.

ಆದರೆ ಒತ್ತುವ ಮೊದಲು ಗುರುತು ಹಿಡಿಯಬೇಕಲ್ಲ. ನನ್ನ ಅನುಭವದಲ್ಲಿ ಪಾಠ ಸೋಲುವುದು ಇಲ್ಲಿಯೇ. ಹೃದಯ ನಿಂತ ಮೇಲೂ ಹಲವರಲ್ಲಿ ಕೆಲ ನಿಮಿಷ ಒಂದು ವಿಚಿತ್ರ ಉಸಿರಾಟ ನಡೆಯುತ್ತದೆ. ಬಾಯಿ ತೆರೆದು, ನೀರಿನಿಂದ ತೆಗೆದ ಮೀನಿನ ಹಾಗೆ, ಎಷ್ಟೋ ಹೊತ್ತಿಗೊಮ್ಮೆ ಗೊರ್ ಎಂದು ಎಳೆಯುವ ಉಸಿರು. ಮೆದುಳಿನ ಬುಡದ ಭಾಗ ಕೊನೆಯದಾಗಿ ಮಾಡುವ ಚಟುವಟಿಕೆ ಅದು. ಕನ್ನಡದಲ್ಲಿ ಅದಕ್ಕೆ ಹೆಸರೂ ಇದೆ, ಮೇಲುಸಿರು. ವಿಪರ್ಯಾಸ ನೋಡಿ: ಮನೆಯ ಹಿರಿಯರಿಗೆ ಮೇಲುಸಿರು ಎಂದರೆ ಏನೆಂದು ಚೆನ್ನಾಗಿ ಗೊತ್ತು, ಆದರೆ ಬೀದಿಯಲ್ಲಿ ಬಿದ್ದವರಲ್ಲಿ ಅದನ್ನೇ ಕಂಡು 'ಉಸಿರಾಡ್ತಾ ಇದಾರೆ, ಏನೂ ಆಗಿಲ್ಲ' ಎಂದು ಸುತ್ತ ನಿಂತವರು ಸಮಾಧಾನ ಹೇಳಿಕೊಳ್ಳುತ್ತಾರೆ. ಇನ್ನೊಂದು ಮೋಸ, ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಕೈಕಾಲು ಸೆಟೆದು ಅದುರಬಹುದು. ನಮ್ಮಲ್ಲಿ ಅದುರುವುದೆಂದರೆ ಫಿಟ್ಸ್, ಫಿಟ್ಸ್ ಎಂದರೆ ಕೈಗೆ ಕಬ್ಬಿಣ. ಒಬ್ಬರು ಬೀಗದ ಕೈ ಗೊಂಚಲು ಹಿಡಿಸುತ್ತಾರೆ, ಇನ್ನೊಬ್ಬರು ಈರುಳ್ಳಿ ಒಡೆದು ಮೂಗಿಗೆ ಹಿಡಿಯುತ್ತಾರೆ, ಮೂರನೆಯವರು ಬಾಯಿಗೆ ನೀರು ಬಿಡುತ್ತಾರೆ. ಕಬ್ಬಿಣ ಫಿಟ್ಸ್‌ಗೂ ಮದ್ದಲ್ಲ. ನೀರಂತೂ ನೇರ ಶ್ವಾಸನಾಳಕ್ಕೇ ಇಳಿಯಬಹುದು. ಅಷ್ಟರಲ್ಲಿ ಮೂರು ನಿಮಿಷ ಹೋಗಿರುತ್ತದೆ.

ಆದ್ದರಿಂದ ನಾನು ಮೇಲುಸಿರನ್ನು ನಾಟಕ ಮಾಡಿ ತೋರಿಸುತ್ತೇನೆ. ಚಾಪೆಯ ಮೇಲೆ ಬಿದ್ದು, ಬಾಯಿ ತೆರೆದು ಗೊರ್ ಎನ್ನುತ್ತೇನೆ. ಮಕ್ಕಳು ನಗುತ್ತಾರೆ. ದೊಡ್ಡವರಲ್ಲಿ ಒಬ್ಬಿಬ್ಬರು ನಗುವುದಿಲ್ಲ. ಅವರು ಅದನ್ನು ನೋಡಿದ್ದಾರೆ.

ಗುರುತಿಸುವ ಕ್ರಮ ಇಷ್ಟೇ. ಭುಜ ತಟ್ಟಿ ಜೋರಾಗಿ ಕರೆಯಿರಿ. ಮಿಸುಕಾಡಲಿಲ್ಲವೇ? ಎದೆ, ಹೊಟ್ಟೆಯನ್ನೇ ಹತ್ತು ಸೆಕೆಂಡು ಮೀರದಂತೆ ನೋಡಿ. ಎಂದಿನಂತೆ ಏರಿಳಿಯುತ್ತಿಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿದು ಒತ್ತಲು ಶುರುಮಾಡಿ. ನಾಡಿ ಹಿಡಿಯಲು ಹೋಗಬೇಡಿ. ನಮ್ಮವರಿಗೆ ಇದು ಹಿಡಿಸುವುದಿಲ್ಲ. ನಾಡಿ ನೋಡದೆ ಹೇಗೆ ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಗಾಬರಿಯಲ್ಲಿ ಹಿಡಿದಾಗ ಬೆರಳ ತುದಿಯಲ್ಲಿ ಬಡಿಯುವುದು ನಮ್ಮದೇ ನಾಡಿ. ಸಾಮಾನ್ಯ ಜನರಿಗೆ ನಾಡಿ ನೋಡುವುದನ್ನು ಕಲಿಸಬೇಕಾಗಿಲ್ಲ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2000ದಲ್ಲೇ ಅದನ್ನು ಕೈಬಿಟ್ಟವು. ಹೃದಯ ನಡೆಯುತ್ತಿದ್ದವರ ಎದೆಯನ್ನು ತಪ್ಪಿ ಒತ್ತಿದರೆ ಅವರು ನರಳುತ್ತಾರೆ, ಕೈ ತಳ್ಳುತ್ತಾರೆ, ನಾವು ನಿಲ್ಲಿಸುತ್ತೇವೆ. ನಿಂತವರದನ್ನು ಒತ್ತದಿದ್ದರೆ ಯಾರೂ ಏನೂ ಹೇಳುವುದಿಲ್ಲ.

ಒತ್ತುವ ಬಗೆ: ಮಂಚದಿಂದ ಇಳಿಸಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಾಸಿಗೆಯ ಮೇಲೆ ಒತ್ತಿದರೆ ಅರ್ಧ ಬಲ ಹಾಸಿಗೆಗೇ ಹೋಗುತ್ತದೆ. ಪಕ್ಕದಲ್ಲಿ ಮೊಣಕಾಲೂರಿ, ಅಂಗೈಯ ಬುಡವನ್ನು ಎದೆಯ ನಡುವೆ, ಎದೆ ಮೂಳೆಯ ಕೆಳ ಅರ್ಧದ ಮೇಲೆ ಇಟ್ಟು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಭುಜ ಕೈಯ ನೇರಕ್ಕೆ ಬರುವಂತೆ ಬಾಗಿ, ಮೈಭಾರದಿಂದ ಒತ್ತಿ. ದೊಡ್ಡವರಿಗೆ ಆಳ ಐದರಿಂದ ಆರು ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು, ಏಕೆಂದರೆ ಅಷ್ಟರಲ್ಲಿ ನಿಮಗೇ ಗೊತ್ತಾಗದಂತೆ ಆಳ ಕಡಿಮೆಯಾಗಿರುತ್ತದೆ. ನಡುವೆ ಲಟಕ್ ಎಂದು ಪಕ್ಕೆಲುಬು ಮುರಿದ ಸದ್ದು ಬಂದರೂ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿರಬೇಕು, ಆ ಸದ್ದಿಗೆ ಹೆದರಿ ಕೈ ತೆಗೆದವರಿದ್ದಾರೆ.

ತುಮಕೂರು ಕಡೆಯ ಒಂದು ಬಸ್ ಡಿಪೋದಲ್ಲಿ ಒಬ್ಬ ಕಂಡಕ್ಟರ್ ಇದ್ದರು. ಆರಡಿ ಆಳು, ಬಂದವರೇ ತೋಳು ಮಡಿಸಿ ಗೊಂಬೆಯನ್ನು ಗುದ್ದುವಂತೆ ಒತ್ತಿದರು. ಮೂವತ್ತು ಸೆಕೆಂಡಿಗೆ ಏದುಸಿರು. 'ಮೇಷ್ಟ್ರೇ, ಇದೇನ್ರೀ ನಂಗೇ ಹಾರ್ಟ್ ಅಟ್ಯಾಕ್ ಆಯ್ತದೆ' ಎಂದು ನಕ್ಕರು. ಆಮೇಲೆ ಬಂದವರು ಡಿಪೋ ಕ್ಯಾಂಟೀನಿನಲ್ಲಿ ಚಪಾತಿ ಹಿಟ್ಟು ಕಲಸುವ ಹೆಂಗಸು. ಐದಡಿಯೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ಒಂದಿಷ್ಟೂ ಬಾಗದೆ, ಎರಡು ನಿಮಿಷವೂ ಒಂದೇ ಸಮನೆ ಒತ್ತಿದರು. ಪ್ರತಿ ಸಲವೂ ಗೊಂಬೆ ಟಕ್ ಎಂದಿತು. ಐದು ಸೇರು ಹಿಟ್ಟು ನಾದುವವರಿಗೆ ತೋಳಿನಿಂದ ಕೆಲಸ ಆಗದು, ಬೆನ್ನಿನಿಂದ ಆಗಬೇಕು ಎಂದು ನಾನು ಹೇಳಿಕೊಡಬೇಕಿರಲಿಲ್ಲ. ಅಂದಿನಿಂದ 'ಹಿಟ್ಟು ನಾದೋ ಹಾಗೆ' ಎಂಬುದು ನಮ್ಮ ಪಾಠದೊಳಗೆ ಸೇರಿಕೊಂಡಿದೆ.

ತರಗತಿಯಲ್ಲಿ ಗೊಂಬೆ ಮೊದಲು ಬರಬೇಕು, ಮಾತು ಆಮೇಲೆ. ನಲವತ್ತು ಸ್ಲೈಡಿನಲ್ಲಿ ಹೃದಯದ ನಾಲ್ಕು ಕೋಣೆ, ಕವಾಟಗಳ ಹೆಸರು ಎಲ್ಲ ಹೇಳಿ, ಕೊನೆಯ ಹತ್ತು ನಿಮಿಷದಲ್ಲಿ ಇಬ್ಬರಿಗೆ ಒತ್ತಲು ಕೊಟ್ಟು, ಎಲ್ಲರಿಗೂ ಸರ್ಟಿಫಿಕೇಟ್ ಹಂಚಿ ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಂಥದ್ದರಿಂದ ಕಲಿತವರು ಫೋಟೋಗ್ರಾಫರ್ ಒಬ್ಬರೇ ಇರಬೇಕು, ಅವರಾದರೂ ಮಂಡಿಯೂರಿರುತ್ತಾರೆ. ಒಂದು ಗೊಂಬೆಗೆ ಏಳೆಂಟು ಜನಕ್ಕಿಂತ ಹೆಚ್ಚಾದರೆ ಕಲಿಕೆ ತೆಳುವಾಗುತ್ತದೆ. ಗೊಂಬೆ ಇಲ್ಲದಿದ್ದರೆ ಗಟ್ಟಿ ದಿಂಬಿನ ಮೇಲೂ ಕಲಿಸಬಹುದು. ಆಳ ತಿಳಿಯುವುದಿಲ್ಲ, ಆದರೆ ಭಂಗಿ, ಲಯ, ಮಂಡಿಯೂರುವ ಧೈರ್ಯ ಮೂರೂ ಬರುತ್ತವೆ.

ಈ ಗೊಂಬೆಗೊಂದು ಕತೆಯಿದೆ. ಎದೆ ತೆರೆಯದೆ ಹೊರಗಿನಿಂದ ಒತ್ತಿಯೇ ಹೃದಯ ನಡೆಸಬಹುದು ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೋವೆನ್‌ಹೋವೆನ್, ಜ್ಯೂಡ್, ನಿಕರ್‌ಬಾಕರ್ ಎಂಬ ಮೂವರು ಪ್ರಕಟಿಸಿದ್ದು 1960ರಲ್ಲಿ. ಇದಕ್ಕೆ ಬೇಕಾದ್ದು ಎರಡು ಕೈ ಮಾತ್ರ ಎಂಬುದು ಅವರ ಮಾತಿನ ಸಾರ. ಮೂವರಲ್ಲಿ ಕೋವೆನ್‌ಹೋವೆನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನು ಆ ಹೊತ್ತಿಗೆ ಪೀಟರ್ ಸಫರ್ ಎಂಬ ಅರಿವಳಿಕೆ ತಜ್ಞರು ಸಾಧಿಸಿ ತೋರಿಸಿದ್ದರು. ಜನರಿಗೆ ಕಲಿಸಲು ಏನಾದರೂ ಬೇಕಿತ್ತು. ನಾರ್ವೆಯ ಸ್ಟಾವಂಗರ್ ಊರಿನಲ್ಲಿ ಆಟಿಕೆ ಮಾಡುತ್ತಿದ್ದ ಆಸ್ಮುಂಡ್ ಲಾರ್ಡಾಲ್ ಮನುಷ್ಯ ಗಾತ್ರದ ಗೊಂಬೆ ಮಾಡಿಕೊಟ್ಟರು. ಅದರ ಮುಖ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯದು ಎಂದು ಹೇಳಲಾಗುವ ಹಳೆಯ ಮುಖವಾಡದ್ದು. ಗೊಂಬೆಯ ಹೆಸರು ಆನ್.

ಆನ್‌ಳ ಮುಖ ಹೆಣ್ಣಿನದು, ಎದೆ ಮಾತ್ರ ಚಪ್ಪಟೆ. ಅರವತ್ತು ವರ್ಷ ಜಗತ್ತೆಲ್ಲ ಕಲಿತದ್ದು ಇಂಥ ಎದೆಗಳ ಮೇಲೆ. ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ನೂರಕ್ಕೆ 45 ಮಂದಿಗೆ ಸುತ್ತಲಿನವರು ಎದೆ ಒತ್ತಿದ್ದರೆ, ಹೆಂಗಸರಲ್ಲಿ 39 ಮಂದಿಗೆ. ನಮ್ಮಲ್ಲಿ ಈ ಅಂಜಿಕೆ ಇನ್ನೂ ಹೆಚ್ಚು. ಪರಹೆಂಗಸನ್ನು ಮುಟ್ಟಿದರೆ ಜನ ಏನಂದಾರು ಎಂದು ಗಂಡಸರು ಬಾಯಿಬಿಟ್ಟೇ ಕೇಳುತ್ತಾರೆ. ನಾನು ಒಂದು ಗೊಂಬೆಗೆ ಹಳೆಯ ರವಿಕೆ ತೊಡಿಸಿ, ಒಳಗೆ ಬಟ್ಟೆ ತುಂಬಿ, ಕರಿಮಣಿ ಸರ ಹಾಕಿ, ಸೀರೆ ಸುತ್ತಿ ತರುತ್ತೇನೆ. ಮೊದಲ ಸಲ ಪಿಸುಪಿಸು ನಡೆಯಿತು, ಒಬ್ಬ ಹಿರಿಯರು ಎದ್ದು ಹೊರಗೆ ಹೋದರು. ಬಟ್ಟೆ ಬಿಚ್ಚುವ ಅಗತ್ಯವಿಲ್ಲ, ಸರ ಪಕ್ಕಕ್ಕೆ ಸರಿಸಿ ಎದೆಯ ನಡುಮೂಳೆಯ ಮೇಲೆ ಕೈಯಿಟ್ಟರಾಯಿತು ಎಂದು ತೋರಿಸಿದ ಮೇಲೆ ಅವರೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರ ಬಗ್ಗೆ ಎರಡು ಮಾತು. ಮೂವತ್ತು ಸಲ ಒತ್ತಿ ಎರಡು ಉಸಿರು ಕೊಡುವುದು ತರಬೇತಿ ಪಡೆದವರ ಕ್ರಮ. ಅಪರಿಚಿತರ ಬಾಯಿಗೆ ಬಾಯಿಡಲು ಹೇಸಿ ಒತ್ತುವುದನ್ನೂ ಬಿಟ್ಟುಬಿಡುತ್ತಾರೆ ಎಂಬ ಕಾರಣಕ್ಕೆ, ದೊಡ್ಡವರು ಎದುರಿಗೇ ಕುಸಿದರೆ ಒತ್ತಿದರಷ್ಟೇ ಸಾಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿ ಹೇಳಿತು. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘವೂ 2017ರಲ್ಲಿ ಜನಸಾಮಾನ್ಯರಿಗಾಗಿ ಒತ್ತುವುದೊಂದನ್ನೇ ಇಟ್ಟುಕೊಂಡು ಮಾರ್ಗಸೂಚಿ ತಂದಿತು. ಕುಸಿದ ಕ್ಷಣದಲ್ಲಿ ರಕ್ತದಲ್ಲಿ ಕೆಲ ನಿಮಿಷಕ್ಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ, ಅದನ್ನು ತಿರುಗಿಸುತ್ತಿದ್ದರಾಯಿತು. ನನ್ನ ಪಾಠದಲ್ಲೂ ಅಷ್ಟೇ, ಒಂದು ವಿನಾಯಿತಿ ಬಿಟ್ಟು.

ಆ ವಿನಾಯಿತಿ ಕೆರೆ, ಬಾವಿ, ಕೃಷಿ ಹೊಂಡ. ನೀರಿನಲ್ಲಿ ಮುಳುಗಿದವರಲ್ಲಿ ಮೊದಲು ಕೈಕೊಡುವುದು ಉಸಿರು, ಹೃದಯ ನಿಲ್ಲುವುದು ಆಮೇಲೆ. ರಕ್ತದಲ್ಲಿ ಆಮ್ಲಜನಕವೇ ಇರುವುದಿಲ್ಲ. ಹಾಗಾಗಿ ಅಲ್ಲಿ ಗಲ್ಲ ಎತ್ತಿ, ಮೂಗು ಹಿಡಿದು, ಮೊದಲು ಉಸಿರು ಕೊಟ್ಟು ಆಮೇಲೆ ಒತ್ತುವುದು. ಮಕ್ಕಳ ವಿಷಯದಲ್ಲೂ ಉಸಿರು ಮುಖ್ಯ. ನಮ್ಮ ಹಳ್ಳಿಗಳಲ್ಲಿ ಮುಳುಗಿದ ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇನ್ನೂ ಇದೆ. ಒಳಗಿನ ನೀರು ತೆಗೆಯಲು ಹೋಗಿ ಹೊರಗಿನ ಗಾಳಿ ಕೊಡುವುದು ಮರೆತುಹೋಗುತ್ತದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಸಾಮಾಜಿಕ ಜಾಲತಾಣದ ಸುದ್ದಿ ನಂಬಿ, ಮುಳುಗಿ ತೀರಿಕೊಂಡ ಹುಡುಗನ ಮೈಮೇಲೆ ಉಪ್ಪು ರಾಶಿ ಹಾಕಿ ಜೀವ ಬರಲೆಂದು ಗಂಟೆಗಟ್ಟಲೆ ಕಾದಿದ್ದರು. ಆ ತಂದೆತಾಯಿಯನ್ನು ನೋಡಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊಬೈಲಿನ ಸುಳ್ಳು ಆ ಹಳ್ಳಿ ಮುಟ್ಟಿದೆ, ನಮ್ಮ ಗೊಂಬೆ ಮುಟ್ಟಿಲ್ಲ.

ಗಂಟಲಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬುದು ಬೇರೆಯೇ ಪಾಠ. ಇಲ್ಲಿ ಇಷ್ಟು ಸಾಕು: ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಮಾತೂ ನಿಂತರೆ ಮುಂದಕ್ಕೆ ಬಾಗಿಸಿ ಬೆನ್ನಿನ ರೆಕ್ಕೆಗಳ ನಡುವೆ ಐದು ಬಲವಾದ ಹೊಡೆತ, ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತುವುದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು.

ಕುಸಿದ ಜಾಗದಲ್ಲಿ ಇಪ್ಪತ್ತು ಜನರಿದ್ದಾಗ 'ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡಿ' ಎಂದರೆ ಯಾರೂ ಮಾಡುವುದಿಲ್ಲ. 'ನೀಲಿ ಶರ್ಟಿನ ಅಣ್ಣ, ನೀವು 108ಕ್ಕೆ ಮಾಡಿ' ಎಂದು ಬೆರಳು ತೋರಿಸಿ ಹೇಳಬೇಕು. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಒತ್ತಲು ತೊಡಗಿ. ವಿಮಾನ ನಿಲ್ದಾಣದಂಥ ಕಡೆ ಎಇಡಿ ಎಂಬ ಪೆಟ್ಟಿಗೆ ಇರುತ್ತದೆ, ಓಡಿಹೋಗಿ ತರಲು ಇನ್ನೊಬ್ಬರಿಗೆ ಹೇಳಿ. ಮುಚ್ಚಳ ತೆಗೆದರೆ ಅದೇ ಮಾತಾಡಿ ದಾರಿ ತೋರಿಸುತ್ತದೆ, ಅದುರುತ್ತಿರುವ ಹೃದಯಕ್ಕೆ ಶಾಕ್ ಕೊಟ್ಟು ಲಯಕ್ಕೆ ತರಲು ನೋಡುತ್ತದೆ. ಬೇಡದವರಿಗೆ ಅದು ಶಾಕ್ ಕೊಡುವುದೇ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಉತ್ತರ ಸಲೀಸು, ಹಳ್ಳಿಯಲ್ಲಿ ಅಲ್ಲ. ಆಂಬುಲೆನ್ಸ್ ಬರಲು ಅರ್ಧ ಗಂಟೆ, ಎದುರಿಗೇ ಆಟೋ ನಿಂತಿದೆ, ಏನು ಮಾಡಬೇಕು? ಆಟೋದ ಸೀಟಿನಲ್ಲಿ ಮಡಿಸಿ ಕೂರಿಸಿ ಓಡಿದರೆ ದಾರಿಯುದ್ದಕ್ಕೂ ಒತ್ತುವವರಿಲ್ಲ. ಓಡದಿದ್ದರೆ ಮನೆಯವರು ಸುಮ್ಮನಿರುವುದಿಲ್ಲ. ನಾನು ಹೇಳುವುದು ಇಷ್ಟು: ಗಾಡಿ ಬಾಗಿಲಿಗೆ ಬರುವವರೆಗೆ ಒಂದು ಕ್ಷಣವೂ ಬಿಡದೆ ನೆಲದ ಮೇಲೆ ಒತ್ತುತ್ತಿರಿ. 108 ಬರುವ ಭರವಸೆಯಿದ್ದರೆ ಅಲ್ಲೇ ಒತ್ತುತ್ತಾ ಕಾಯಿರಿ. ಸಾಗಿಸಲೇಬೇಕೆಂದರೆ ಆಟೋ ಬೇಡ, ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಮಂಡಿಯೂರಲಾಗುವ ಗೂಡ್ಸ್ ಗಾಡಿ ಸಿಕ್ಕರೆ ನೋಡಿ. ಇದು ತೃಪ್ತಿ ಕೊಡುವ ಉತ್ತರವಲ್ಲ ಎಂದು ನನಗೆ ಗೊತ್ತು.

ಪೊಲೀಸು, ಕೋರ್ಟು ಎಂಬ ಭಯಕ್ಕೆ ಉತ್ತರ ಇನ್ನೂ ಗಟ್ಟಿಯಾಗಿದೆ. ಅಪಘಾತದಲ್ಲಿ ನೆರವಾದವರನ್ನು ಕಾಪಾಡಲು ಕರ್ನಾಟಕ 2016ರಲ್ಲೇ ತನ್ನದೇ ಕಾನೂನು ಮಾಡಿತು, ರಾಷ್ಟ್ರಪತಿಗಳ ಅಂಕಿತ 2018ರಲ್ಲಿ ಬಿತ್ತು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ 134ಎ ಕಲಮು ಇಡೀ ದೇಶಕ್ಕೆ ಅದನ್ನೇ ಹೇಳುತ್ತದೆ. ಇವು ಅಪಘಾತದ ಮಾತಾಯಿತು. ಸಂತೆಯಲ್ಲಿ ಕುಸಿದವರ ವಿಷಯಕ್ಕೆ, ಒಪ್ಪಿಗೆ ಕೇಳಲಾಗದ ಸ್ಥಿತಿಯಲ್ಲಿರುವವರ ಒಳಿತಿಗೆ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂಬ ಮಾತು ಹಳೆಯ ದಂಡಸಂಹಿತೆಯ 92ನೇ ಕಲಮಿನಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನಲ್ಲಿದೆ. ಕಲಮಿನ ಸಂಖ್ಯೆ ಹೇಳಿದರೆ ಜನರ ಮುಖದಲ್ಲಿ ಬರುವ ಧೈರ್ಯ 'ಏನೂ ಆಗಲ್ಲ ಬಿಡಿ' ಎಂದರೆ ಬರುವುದಿಲ್ಲ.

ಇಡೀ ದೇಶವೇ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕ್ ಇದೆ. 2005ರಿಂದ ಅಲ್ಲಿನ ಶಾಲೆಗಳಲ್ಲಿ ಇದು ಕಡ್ಡಾಯ ಪಾಠ. ಮರುವರ್ಷದಿಂದ ಡ್ರೈವಿಂಗ್ ಲೈಸೆನ್ಸ್ ಬೇಕಾದವರೂ ಕಲಿಯಬೇಕು. ನಮ್ಮಲ್ಲಿ ಲೈಸೆನ್ಸಿಗೆ ಎಂಟು ಹಾಕಿಸುತ್ತಾರೆ, ಅವರು ಎದೆಯನ್ನೂ ಒತ್ತಿಸುತ್ತಾರೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ, ಸುತ್ತಲಿನವರಿಂದ ಸಿಪಿಆರ್ ಸಿಕ್ಕವರು 2001ರಲ್ಲಿ ನೂರಕ್ಕೆ 21 ಇದ್ದದ್ದು 2010ಕ್ಕೆ 45 ಆಯಿತು. ಮೂವತ್ತು ದಿನ ಕಳೆದೂ ಬದುಕಿದ್ದವರು ನೂರಕ್ಕೆ 3.5ರಿಂದ 10.8ಕ್ಕೆ ಏರಿದರು. ಆಂಬುಲೆನ್ಸ್, ಚಿಕಿತ್ಸೆ ಸುಧಾರಿಸಿದ್ದರ ಪಾಲೂ ಅದರಲ್ಲಿದೆ, ಎಲ್ಲ ಪುಣ್ಯವನ್ನೂ ಶಾಲೆಯ ಪಾಠಕ್ಕೇ ಕಟ್ಟಲಾಗದು. ಅದೇ ದೇಶದ ಕೋಪನ್‌ಹೇಗನ್ನಿನಲ್ಲಿ 12 ಜೂನ್ 2021ರಂದು ಫಿನ್ಲೆಂಡ್ ವಿರುದ್ಧದ ಪಂದ್ಯದ ನಡುವೆ ಫುಟ್ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದದ್ದು, ಮೈದಾನದಲ್ಲೇ ಎದೆ ಒತ್ತಿ ಶಾಕ್ ಕೊಟ್ಟು ಉಳಿಸಿಕೊಂಡದ್ದು, ಆತ ಮತ್ತೆ ಆಡಲು ಬಂದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ.

ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. 46 ವರ್ಷ. ಅಪ್ಪು ಕಣ್ಣು ಕೊಟ್ಟು ಹೋದರೆಂದು ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು, ಹೃದಯ ತಪಾಸಣೆಗೆ ಆಸ್ಪತ್ರೆಗಳು ತುಂಬಿದವು. ಆಮೇಲೆ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು. ಒಳ್ಳೆಯ ಯೋಜನೆ. ಆದರೆ ಅದು ಕಟ್ಟಿಕೊಂಡ ಪೈಪಿಗೆ, ಆಸ್ಪತ್ರೆಯ ಬಾಗಿಲವರೆಗೆ ಉಸಿರಿಟ್ಟುಕೊಂಡು ಬಂದವರಿಗೆ. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಸಾಲುಸಾಲು ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮುಂಚೆಯೇ ಜನ ಸಾಲುಗಟ್ಟಿದರು. ಏನೂ ತೊಂದರೆ ಇಲ್ಲದವರೂ ಇಸಿಜಿ ಮಾಡಿಸಿದರು. ಆ ಎರಡು ತಿಂಗಳು ನನಗೆ ತರಗತಿಗೆಂದು ಬಂದ ಫೋನು ಮೂರು. ಭಯ ನಮ್ಮನ್ನು ನಮ್ಮ ಹೃದಯದ ಕಡೆಗೇ ಓಡಿಸುತ್ತದೆ. ಸಿಪಿಆರ್ ಇನ್ನೊಬ್ಬರ ಹೃದಯದ ವಿಚಾರ, ನನ್ನದು ನಿಂತಾಗ ನನಗೆ ಬರುವ ವಿದ್ಯೆಯಿಂದ ನನಗೇನೂ ಉಪಯೋಗವಿಲ್ಲ, ಪಕ್ಕದವರಿಗೆ ಬರಬೇಕು. ಅದಕ್ಕೇ ಇದನ್ನು ಮನೆಗೊಬ್ಬರಲ್ಲ, ಬೀದಿಗೆ ಬೀದಿಯೇ ಕಲಿಯಬೇಕಾಗುತ್ತದೆ.

ಪಾಠದಲ್ಲಿ ಮುಚ್ಚಿಡಬಾರದ ಸಂಗತಿ ಇನ್ನೊಂದು: ಎಷ್ಟು ಚೆನ್ನಾಗಿ ಒತ್ತಿದರೂ ಬಹಳಷ್ಟು ಜನ ಉಳಿಯುವುದಿಲ್ಲ. ಡೆನ್ಮಾರ್ಕಿನ ಆ 10.8ನ್ನೇ ತಿರುಗಿಸಿ ನೋಡಿ. ಸಿನಿಮಾದಲ್ಲಿ ನಾಲ್ಕು ಸಲ ಒತ್ತಿದರೆ ಕೆಮ್ಮಿ ಎದ್ದು ಕೂರುತ್ತಾರೆ, ಹಾಗೆ ನಂಬಿ ಹೋದವರಿಗೆ ಸೋಲು ಜೀವನಪೂರ್ತಿ ಕಾಡುತ್ತದೆ. ಸ್ತ್ರೀಶಕ್ತಿ ಸಂಘದ ಒಂದು ತರಗತಿಯಲ್ಲಿ, ಎಲ್ಲರೂ ಒತ್ತಿ ಮುಗಿಸಿದ ಮೇಲೆ, ಮೂವತ್ತರ ಆಸುಪಾಸಿನ ಒಬ್ಬಾಕೆ ಗೊಂಬೆಯ ಹತ್ತಿರವೇ ಕೂತಿದ್ದರು. 'ನಮ್ಮ ತಂದೆ ಹೀಗೇ ಗೊರ್ ಅಂತಿದ್ರು ಸಾರ್. ನಾವು ನೀರು ಕುಡಿಸ್ತಿದ್ವಿ. ಆವತ್ತು ಒತ್ತಿದ್ರೆ ಉಳೀತಿದ್ರಾ?' ಎಂದರು. ಗೊತ್ತಿಲ್ಲಮ್ಮ ಎಂದೆ. ಒತ್ತಿದ್ದರೂ ಹೋಗುತ್ತಿದ್ದರೇನೋ, ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದೆ. ಆಕೆ ತಲೆಯಾಡಿಸಿ, ಇನ್ನೊಂದು ಸಲ ಒತ್ತಲಾ ಎಂದು ಕೇಳಿ, ಎರಡು ನಿಮಿಷ ಒತ್ತಿದರು. ನಾನು ಎಣಿಸಿದೆ.

ಕಲಿತದ್ದು ಉಳಿಯುವುದೂ ಇಲ್ಲ. ಮೂರರಿಂದ ಆರು ತಿಂಗಳಲ್ಲಿ ಕೈ ಮರೆಯತೊಡಗುತ್ತದೆ. ವರ್ಷಕ್ಕೊಮ್ಮೆ ಇಡೀ ದಿನದ ಶಿಬಿರ ಮಾಡುವುದಕ್ಕಿಂತ ಆಗಾಗ ಹತ್ತು ನಿಮಿಷ ಒತ್ತಿಸುವುದು ಮೇಲು. ಹನ್ನೆರಡು ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಎಂಬ ಸಲಹೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯಿಂದ ಪಿಟಿ ಪೀರಿಯಡ್ಡಿನಲ್ಲಿ ಸೇರಿಸಿಕೊಂಡಿದ್ದೇವೆ. ಹುಡುಗರಿಗೆ ಇದು ಲೇಜಿಮ್ಮಿನಷ್ಟೇ ಸಲೀಸು.

ಆರು ತಿಂಗಳ ಮೇಲೆ ಅದೇ ಬಸ್ ಡಿಪೋಗೆ ಹೋದೆ. ಹಿಟ್ಟು ನಾದುವ ಅಮ್ಮ ಬೇರೆ ಕ್ಯಾಂಟೀನಿಗೆ ಹೋಗಿದ್ದರು. ಹದಿನೆಂಟು ಜನರಲ್ಲಿ ಏಳು ಮಂದಿ ಕೈಯನ್ನು ಎಡಕ್ಕೆ, ಹೃದಯ ಇದೆ ಎಂದು ತಾವು ತಿಳಿದ ಕಡೆ, ಇಟ್ಟರು. ಇಬ್ಬರು ನಾಡಿ ಹುಡುಕಿದರು. ಆರಡಿ ಕಂಡಕ್ಟರ್ ಟಿಕೆಟ್ ಮೆಷಿನ್ನನ್ನು ಪಕ್ಕಕ್ಕಿಟ್ಟು ಮಂಡಿಯೂರಿ, ಭುಜ ತಟ್ಟಿ 'ಯಾವೂರಿಗೆ ಸ್ವಾಮೀ, ಎದ್ದೇಳಿ' ಎಂದು ಗೊಂಬೆಯನ್ನು ಕರೆದರು. ಮೊಣಕೈ ಈ ಸಲ ನೆಟ್ಟಗಿತ್ತು. ಒತ್ತುತ್ತಾ ಒತ್ತುತ್ತಾ ಒಂಬತ್ತು, ಹತ್ತು, ಹನ್ನೊಂ... ಎಂದು ಬಾಯಿತೆರೆದರೋ ಇಲ್ಲವೋ, ಹಿಂದೆ ನಿಂತಿದ್ದ ಡ್ರೈವರ್ 'ಲೋ, ಒಂದು!' ಎಂದು ಕೂಗಿದ.